ಒಸಡು ಊರಿನ ರಜೆಗೆ ಕಾಯುವುದಿಲ್ಲ

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಯಾರಿದ್ದಾರೆ? ನಮ್ಮ ಪ್ಲೇನ್‌ಫೀಲ್ಡಿನ ಮನೆಗಳಲ್ಲಿ ಇಂದು ಕಡಲೆಗೇನೂ ಕೊರತೆಯಿಲ್ಲ. ನೇಪರ್ವಿಲ್, ಅರೋರಾ ಕಡೆಯ ಭಾರತೀಯ ಅಂಗಡಿಗಳಿಗೆ ಹೋದರೆ ಹುರಿಗಡಲೆಯಿಂದ ಹಿಡಿದು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನವರೆಗೆ ಎಲ್ಲವೂ ಸಿಗುತ್ತದೆ. ಚಿಂತೆ ಇರುವುದು ಹಲ್ಲಿನದು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಹಲ್ಲನ್ನು ಹಿಡಿದು ನಿಲ್ಲಿಸಿರುವ ಒಸಡು ಮತ್ತು ದವಡೆ ಮೂಳೆಯದು.

ಭಾಷೆ ಕಲಿಸುವವರು ಹಲ್ಲಿನ ಬಗ್ಗೆ ಏಕೆ ಬರೆಯಬೇಕು ಎಂದು ಕೆಲವರು ಹುಬ್ಬೇರಿಸಬಹುದು. ನಾನು ಓದಿದ್ದು ಬಿ.ಎ., ಬಿ.ಎಡ್.; ದಂತವೈದ್ಯಕೀಯವನ್ನಲ್ಲ. ಆದರೆ ಭಾಷೆ ಕಲಿಸುವವರ ಕಿವಿ ಜನ ಆಡುವ ಮಾತಿನ ಕಡೆಗೇ ಇರುತ್ತದೆ. ನಮ್ಮ ಪೋಷಕರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ವಾಕ್ಯವಿದೆ: “ಬಿಡಿ, ಊರಿಗೆ ಹೋದಾಗ ಮಾಡಿಸಿದರಾಯ್ತು.” ಕನ್ನಡಕಕ್ಕೂ ಇದೇ ಮಾತು, ರಕ್ತಪರೀಕ್ಷೆಗೂ ಇದೇ ಮಾತು, ಹಲ್ಲಿಗಂತೂ ಇದೇ ಮಾತು. ಬೇರೆಯವಕ್ಕೆ ಈ ಮಾತು ಎಷ್ಟು ಹೊಂದುತ್ತದೆಯೋ ಅದು ಅವರವರಿಗೆ ಬಿಟ್ಟದ್ದು. ಒಸಡಿನ ಕಾಯಿಲೆಗೆ ಮಾತ್ರ ಇದು ಖಂಡಿತ ಹೊಂದುವುದಿಲ್ಲ ಎಂಬುದೇ ಈ ಲೇಖನದ ಅಭಿಪ್ರಾಯ. ಏಕೆಂದು ನಿಧಾನವಾಗಿ ನೋಡೋಣ.

ಮೊದಲು ಕಾಯಿಲೆ ಏನೆಂದು ತಿಳಿಯೋಣ. ಹಲ್ಲಿನ ಮೇಲೆ, ಅದರಲ್ಲೂ ಹಲ್ಲು ಮತ್ತು ಒಸಡು ಸೇರುವ ಅಂಚಿನಲ್ಲಿ, ದಿನವೂ ಅಂಟಂಟಾದ ತೆಳುವಾದ ಪದರವೊಂದು ಕೂರುತ್ತದೆ. ಇದಕ್ಕೆ ಪ್ಲಾಕ್ ಅಥವಾ ಪಾಚಿ ಎನ್ನುತ್ತಾರೆ. ಇದು ಬರೀ ಅನ್ನದ ಅಗುಳಲ್ಲ, ಬ್ಯಾಕ್ಟೀರಿಯಾಗಳ ದೊಡ್ಡ ಸಂಸಾರ. ಬ್ರಷ್ ಸರಿಯಾಗಿ ತಗುಲಿದರೆ ಹೊರಟುಹೋಗುತ್ತದೆ. ಹಾಗೆಯೇ ಬಿಟ್ಟರೆ ಜೊಲ್ಲಿನಲ್ಲಿರುವ ಲವಣಗಳು ಸೇರಿಕೊಂಡು ಕೆಲವೇ ದಿನಗಳಲ್ಲಿ ಗಾರೆಯಂತೆ ಗಟ್ಟಿಯಾಗತೊಡಗುತ್ತದೆ. ಇದನ್ನೇ ಟಾರ್ಟರ್ ಅಥವಾ ದಂತಗಾರೆ ಎನ್ನುವುದು. ಗಾರೆಯಾದ ಮೇಲೆ ಮನೆಯ ಬ್ರಷ್‌ಗೆ ಅದು ಜಗ್ಗುವುದಿಲ್ಲ. ದಂತವೈದ್ಯರ ಉಪಕರಣವೇ ಬೇಕು.

ಪಾಚಿ ಕೂತ ಕಡೆ ಒಸಡು ಊದಿಕೊಳ್ಳುತ್ತದೆ, ಬ್ರಷ್ ಮಾಡುವಾಗ ರಕ್ತ ಬರುತ್ತದೆ. ಇದು ಮೊದಲ ಹಂತ, ಜಿಂಜಿವೈಟಿಸ್. ಆರೋಗ್ಯವಂತ ಒಸಡು ಗುಲಾಬಿ ಬಣ್ಣದ್ದಾಗಿರಬೇಕು ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಆದರೆ ನಮ್ಮಲ್ಲಿ ಅನೇಕರ ಒಸಡು ಹುಟ್ಟಿನಿಂದಲೇ ಸ್ವಲ್ಪ ಕಂದು ಬಣ್ಣದ್ದು. ಅದು ಕಾಯಿಲೆಯಲ್ಲ. ಆದ್ದರಿಂದ ನಾವು ಬಣ್ಣಕ್ಕಿಂತ ಹೆಚ್ಚಾಗಿ ಊತವನ್ನೂ ರಕ್ತವನ್ನೂ ಗಮನಿಸಬೇಕು. ಬಾಯಿ ಮುಕ್ಕಳಿಸಿದ ನೀರು ಕೆಂಪಾಗಿದ್ದರೆ “ಬ್ರಷ್ ಗಟ್ಟಿಯಾಯಿತೇನೋ” ಎಂದು ಸುಮ್ಮನಾಗಬಾರದು. ಕೈಯಿಂದ ರಕ್ತ ಬಂದರೆ ಸುಮ್ಮನಿರುತ್ತೇವೆಯೇ?

ವಿದ್ಯಾರ್ಥಿಗಳೇ, ಇಲ್ಲಿ ನಿಮಗೊಂದು ವಿಜ್ಞಾನದ ಕಥೆ ಹೇಳಬೇಕು. 1965ರಲ್ಲಿ ಹ್ಯಾರಲ್ಡ್ ಲೋ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಡೆನ್ಮಾರ್ಕಿನ ಆರ್ಹಸ್ ನಗರದಲ್ಲಿ ನಡೆಸಿದ ಪ್ರಯೋಗವೊಂದರ ವಿವರ ಪ್ರಕಟಿಸಿದರು. ಆರೋಗ್ಯವಾದ ಒಸಡುಳ್ಳ 12 ಮಂದಿ ಹಲ್ಲು ಉಜ್ಜುವುದನ್ನು ಪೂರ್ತಿ ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ಓದುತ್ತಿದ್ದ ವಿದ್ಯಾರ್ಥಿಗಳೇ! 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಒಸಡು ಮೊದಲಿನಂತಾಯಿತು. ಎರಡು ಪಾಠಗಳು ಇದರಲ್ಲಿವೆ. ಉಜ್ಜದಿದ್ದರೆ ಒಸಡು ಕೆಡಲು ವರ್ಷಗಳು ಬೇಕಿಲ್ಲ, ಎರಡು ಮೂರು ವಾರ ಸಾಕು. ಈ ಹಂತದಲ್ಲಿ ಎಚ್ಚೆತ್ತರೆ ನಷ್ಟವೇನೂ ಆಗುವುದಿಲ್ಲ. ನಿಮ್ಮ ವಯಸ್ಸಿನವರಲ್ಲಿ ಬಹುಪಾಲು ಕಂಡುಬರುವುದು ಈ ಮೊದಲ ಹಂತವೇ. ಆದ್ದರಿಂದ ಹೆದರಬೇಡಿ, ಆದರೆ ಉದಾಸೀನವನ್ನೂ ಮಾಡಬೇಡಿ.

ಎರಡನೆಯ ಹಂತ ಹೀಗಲ್ಲ. ಊತ ಬಹುಕಾಲ ಹಾಗೆಯೇ ಉಳಿದರೆ ಒಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಸಣ್ಣ ಚೀಲದಂತೆ ಸಂದು ಉಂಟಾಗುತ್ತದೆ. ವೈದ್ಯರು ತೆಳುವಾದ ಅಳತೆ ಕಡ್ಡಿ ಇಟ್ಟು ಈ ಸಂದಿನ ಆಳ ನೋಡುತ್ತಾರೆ. 1ರಿಂದ 3 ಮಿಲಿಮೀಟರ್ ಇದ್ದರೆ ಸರಿ. 4 ಅಥವಾ ಅದಕ್ಕಿಂತ ಹೆಚ್ಚಾದರೆ, ಜೊತೆಗೆ ರಕ್ತವೂ ಬಂದರೆ, ಎಚ್ಚರಿಕೆಯ ಗಂಟೆ ಬಾರಿಸಿದಂತೆ. ಆ ಸಂದಿನಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾಗಳ ವಿರುದ್ಧ ನಮ್ಮ ದೇಹವೇ ಹೂಡುವ ಹೋರಾಟದಲ್ಲಿ ಹಲ್ಲಿನ ಸುತ್ತಲಿನ ದವಡೆ ಮೂಳೆ ಸವೆದು ಕರಗತೊಡಗುತ್ತದೆ. ಇದು ಪೆರಿಯೊಡಾಂಟೈಟಿಸ್. ಹೊಳೆಯ ದಂಡೆಯಲ್ಲಿ ನಿಂತ ತೆಂಗಿನ ಮರವನ್ನು ನೆನೆಸಿಕೊಳ್ಳಿ. ಪ್ರತಿ ಮಳೆಗಾಲದಲ್ಲೂ ಬುಡದ ಮಣ್ಣು ಸ್ವಲ್ಪ ಸ್ವಲ್ಪ ಕೊಚ್ಚಿಹೋಗುತ್ತದೆ. ಮರ ಹಸಿರಾಗಿಯೇ ಇರುತ್ತದೆ, ಕಾಯಿಯನ್ನೂ ಬಿಡುತ್ತದೆ. ಒಂದು ದಿನ ವಾಲುತ್ತದೆ. ಹುಳುಕಿಲ್ಲದ, ಬೆಳ್ಳಗೆ ಹೊಳೆಯುವ ಹಲ್ಲು ಅಲುಗಾಡುವುದು ಹೀಗೆಯೇ.

ಇದರಲ್ಲಿ ಮೋಸ ಹೋಗುವಂಥದ್ದೆಂದರೆ ನೋವಿಲ್ಲದಿರುವುದು. ಹುಳುಕು ಹಲ್ಲು ರಾತ್ರಿಯಿಡೀ ನಿದ್ದೆಗೆಡಿಸಿ ನಮ್ಮನ್ನು ವೈದ್ಯರ ಬಳಿಗೆ ಓಡಿಸುತ್ತದೆ. ಒಸಡಿನ ಕಾಯಿಲೆ ಬಹುಮಟ್ಟಿಗೆ ಸದ್ದಿಲ್ಲದೆ ನಡೆಯುತ್ತದೆ. ಇದು ನಮ್ಮ ಮನೆಯೊಂದರ ಕಥೆಯಲ್ಲ. 2009ರಿಂದ 2014ರವರೆಗೆ ಅಮೆರಿಕದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ 30 ವರ್ಷ ದಾಟಿದ ವಯಸ್ಕರಲ್ಲಿ ಸುಮಾರು ಶೇ. 42 ಮಂದಿಗೆ ಯಾವುದಾದರೂ ಮಟ್ಟದ ಪೆರಿಯೊಡಾಂಟೈಟಿಸ್ ಇತ್ತು. ಅಂದರೆ ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಕೂತವರ ವಯಸ್ಸೇ ಈ ಕಾಯಿಲೆಯ ವಯಸ್ಸು.

ಈಗ ನನ್ನ ತಕರಾರಿಗೆ ಬರುತ್ತೇನೆ. ಊರಿಗೆ ಹೋದಾಗ ಮಾಡಿಸಿಕೊಳ್ಳುವುದರಲ್ಲಿ ತಪ್ಪೇನು? ನಮ್ಮ ಕರ್ನಾಟಕದಲ್ಲಿ ಒಳ್ಳೆಯ ದಂತವೈದ್ಯರಿಲ್ಲವೇ? ಧಾರಾಳವಾಗಿ ಇದ್ದಾರೆ. ಮಣಿಪಾಲದ ದಂತವೈದ್ಯಕೀಯ ಕಾಲೇಜು 1965ರಷ್ಟು ಹಿಂದೆಯೇ ಶುರುವಾದದ್ದು. ಬೆಂಗಳೂರು, ದಾವಣಗೆರೆ, ಧಾರವಾಡ, ಮಂಗಳೂರುಗಳಲ್ಲಿಯೂ ಹೆಸರುವಾಸಿ ಕಾಲೇಜುಗಳಿವೆ. ಖರ್ಚಿನ ವಿಚಾರದಲ್ಲೂ ಪೋಷಕರ ಲೆಕ್ಕಾಚಾರ ಸುಳ್ಳಲ್ಲ. ಇಲ್ಲಿನ ದಂತವಿಮೆ ವರ್ಷಕ್ಕೆ ಇಷ್ಟೇ ಎಂದು ಮಿತಿ ಹಾಕುತ್ತದೆ, ಮಿಕ್ಕಿದ್ದು ನಮ್ಮ ಜೇಬಿನಿಂದ. ಒಂದು ಹಲ್ಲು ತುಂಬಿಸುವುದು, ಒಂದು ಕ್ಯಾಪ್ ಹಾಕಿಸುವುದು ಊರಿನ ಮೂರು ವಾರಗಳ ರಜೆಯಲ್ಲಿ ಮುಗಿದೀತು.

ಆದರೆ ಒಸಡಿನ ಚಿಕಿತ್ಸೆ ಮೂರು ವಾರಗಳ ಕೆಲಸವಲ್ಲ. ಇದೇ ಮುಖ್ಯವಾದ ಮಾತು. ಮೊದಲು ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳತೆ, ಎಕ್ಸ್‌ರೇ. ಆಮೇಲೆ ಒಸಡಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಳಗಿನ ಗಾರೆಯನ್ನು ಕೆರೆದು, ಬೇರನ್ನು ನುಣುಪು ಮಾಡುವ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್. ಇಲ್ಲಿನವರು ಡೀಪ್ ಕ್ಲೀನಿಂಗ್ ಎನ್ನುವುದು ಇದಕ್ಕೇ. ಬಾಯಿಯ ಒಂದೊಂದು ಭಾಗಕ್ಕೆಂದು ಎರಡರಿಂದ ನಾಲ್ಕು ಭೇಟಿ ಬೇಕಾಗಬಹುದು. ಒಸಡು ಮತ್ತೆ ಹಲ್ಲಿಗೆ ಅಂಟಿಕೊಂಡಿತೇ ಎಂದು ನೋಡಲು ನಾಲ್ಕರಿಂದ ಆರು ವಾರವಾದರೂ ಬಿಟ್ಟು ಮತ್ತೊಮ್ಮೆ ಅಳತೆ. ಆಗಲೂ ಆಳ ಉಳಿದಿದ್ದರೆ ಒಸಡನ್ನು ಬಿಡಿಸಿ ಸ್ವಚ್ಛ ಮಾಡುವ ಫ್ಲಾಪ್ ಸರ್ಜರಿ, ಮೂಳೆ ಕರಗಿದ ಗುಳಿಗೆ ಮೂಳೆಯ ಪುಡಿ ತುಂಬುವ ಬೋನ್ ಗ್ರಾಫ್ಟ್. ಅದು ಕೂಡಿಕೊಳ್ಳಲು ತಿಂಗಳುಗಳು ಬೇಕು. ಹಲ್ಲು ಹೋಗಿ ಇಂಪ್ಲಾಂಟ್ ಹಾಕಿಸುವ ಹೊತ್ತು ಬಂದರೆ ಆ ಲೋಹದ ತಿರುಪು ದವಡೆ ಮೂಳೆಯೊಂದಿಗೆ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಎಲ್ಲ ಮುಗಿದ ಮೇಲೂ ಸುಮಾರು ಮೂರು ತಿಂಗಳಿಗೊಮ್ಮೆ ಸ್ವಚ್ಛತೆಗೆ ಹೋಗುತ್ತಿರಬೇಕು. ಹೀಗಿರುವಾಗ ಮದುವೆ, ಗೃಹಪ್ರವೇಶ, ಧರ್ಮಸ್ಥಳದ ದರ್ಶನಗಳ ನಡುವೆ ಎರಡು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಇದು ಮುಗಿಯುತ್ತದೆಯೇ?

ಇನ್ನೊಂದು ಮಾತು. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಕೆಲವು ಕಡೆ ಸ್ವಲ್ಪ ಮಟ್ಟಿಗೆ ಬೆಳೆಸಬಹುದು ಅಷ್ಟೆ. ಚಿಕಿತ್ಸೆಯ ಮೊದಲ ಗುರಿ ಉಳಿದದ್ದನ್ನು ಉಳಿಸಿಕೊಳ್ಳುವುದು. ಆದ್ದರಿಂದ ಕಳೆದ ಬಾರಿ ಟಿಕೆಟ್ ದುಬಾರಿಯಾಯಿತು, ಈ ಬಾರಿ ಮಕ್ಕಳ ಪರೀಕ್ಷೆ ಬಂತು ಎಂದು ಎರಡು ಮೂರು ವರ್ಷ ಮುಂದೂಡಿದರೆ ಆ ಅವಧಿಯಲ್ಲಿ ಹೋದದ್ದು ಹೋದದ್ದೇ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಹಣದ ಲೆಕ್ಕದಲ್ಲೂ ಅಷ್ಟೆ. ಅನೇಕ ದಂತವಿಮೆಗಳು ವರ್ಷಕ್ಕೆ ಎರಡು ಬಾರಿಯ ಸ್ವಚ್ಛತೆಯನ್ನು ಪೂರ್ತಿ ಭರಿಸುತ್ತವೆ. ಸಂಬಳದಿಂದ ಕಂತು ಕಟ್ಟುತ್ತಲೇ ಇದ್ದು ಆ ಎರಡು ಭೇಟಿಗಳನ್ನು ಬಿಟ್ಟುಕೊಟ್ಟು, ಆಮೇಲೆ ಒಂದು ಇಂಪ್ಲಾಂಟಿಗೆ ಸಾವಿರಾರು ಡಾಲರ್ ಕೊಡುವುದು ಯಾವ ಉಳಿತಾಯ?

“ನಮ್ಮ ತಾತ ಇದ್ದಿಲು, ಉಪ್ಪು, ಬೇವಿನ ಕಡ್ಡಿಯಲ್ಲೇ ಹಲ್ಲುಜ್ಜಿ ಎಂಬತ್ತರಲ್ಲೂ ಕಬ್ಬು ಸಿಗಿದು ತಿನ್ನುತ್ತಿದ್ದರು” ಎಂದು ಕೆಲವರು ವಾದಿಸುತ್ತಾರೆ. ಹಿರಿಯರ ಮಾತನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ನಂಜನಗೂಡು ಹಲ್ಲುಪುಡಿಯ ಗುಲಾಬಿ ಬಣ್ಣ ನೆನಪಿಲ್ಲದ ಹಳೇ ಮೈಸೂರಿನವರು ಯಾರು? ಆದರೆ ಈ ವಾದಕ್ಕೆ ಉತ್ತರ ನಮ್ಮ ನೆರೆಯ ಶ್ರೀಲಂಕಾದಲ್ಲೇ ಸಿಕ್ಕಿದೆ. ಮೇಲೆ ಹೇಳಿದ ಲೋ ಅವರೇ 1970ರಿಂದ 1985ರವರೆಗೆ ಅಲ್ಲಿನ ಚಹಾ ತೋಟಗಳ 480 ಮಂದಿ ಕಾರ್ಮಿಕರನ್ನು ಗಮನಿಸಿದರು. ಅವರಿಗೆ ಹಲ್ಲುಜ್ಜುವ ರೂಢಿಯೂ ಇರಲಿಲ್ಲ, ದಂತವೈದ್ಯರ ನೆರವೂ ಇರಲಿಲ್ಲ. ಸುಮಾರು ಶೇ. 8 ಮಂದಿಯ ಕಾಯಿಲೆ ವೇಗವಾಗಿ ಬೆಳೆಯಿತು, ಶೇ. 81 ಮಂದಿಯದು ಮಧ್ಯಮ ಗತಿಯಲ್ಲಿ ಬೆಳೆಯಿತು. ಉಳಿದ ಶೇ. 11 ಮಂದಿಗೆ ಮಾತ್ರ ಬರೀ ಒಸಡಿನ ಊತಕ್ಕೇ ನಿಂತಿತು. ಅಂದರೆ ಕಬ್ಬು ಸಿಗಿಯುವ ತಾತ ಸುಳ್ಳಲ್ಲ. ಆದರೆ ಅವರು ಅದೃಷ್ಟವಂತರ ಸಣ್ಣ ಗುಂಪಿನವರು. ನಾವು ಯಾವ ಗುಂಪಿನವರು ಎಂಬುದು ಅಳತೆ ಕಡ್ಡಿ ಇಟ್ಟು ನೋಡದೆ ಯಾರಿಗೂ ತಿಳಿಯುವುದಿಲ್ಲ. ಇದ್ದಿಲು ಮತ್ತು ಹರಳುಪ್ಪು ಹಲ್ಲಿನ ಮೇಲ್ಮೈಯನ್ನು ಸವೆಸುತ್ತವೆ ಎಂಬುದನ್ನೂ ಮರೆಯಬಾರದು.

ನಮ್ಮ ಸಮುದಾಯಕ್ಕೆ ಇದು ಇನ್ನೂ ಮುಖ್ಯವಾಗಲು ಕಾರಣ ಸಕ್ಕರೆ ಕಾಯಿಲೆ. ದಕ್ಷಿಣ ಏಷ್ಯಾದವರಲ್ಲಿ ಮಧುಮೇಹ ಹೆಚ್ಚು, ಚಿಕ್ಕ ವಯಸ್ಸಿಗೇ ಬರುವುದೂ ಹೆಚ್ಚು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡಿನ ಕಾಯಿಲೆ ಬೇಗ ಬೆಳೆಯುತ್ತದೆ. ಒಸಡಿನ ಸೋಂಕು ಜೋರಾದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. 2022ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ ಮಧುಮೇಹಿಗಳಿಗೆ ಒಸಡಿನ ಚಿಕಿತ್ಸೆ ಮಾಡಿದ ಮೂರು ನಾಲ್ಕು ತಿಂಗಳಲ್ಲಿ ಎ1ಸಿ ಅಂಕಿ ಸರಾಸರಿ 0.4ರಷ್ಟು ಇಳಿದಿತ್ತು. ಸಿಗರೇಟು ಸೇದುವವರಿಗೂ ಗುಟ್ಕಾ, ಅಡಿಕೆ ಜಗಿಯುವವರಿಗೂ ಅಪಾಯ ಹೆಚ್ಚು. ಊಟವಾದ ಮೇಲೆ ಎಲೆ ಅಡಿಕೆ ನಮ್ಮ ಸಂಸ್ಕೃತಿ ನಿಜ. ಆದರೆ ಅಡಿಕೆಯನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸೇರಿಸಿದೆ. ತಾಂಬೂಲವನ್ನು ತಟ್ಟೆಯಲ್ಲಿಟ್ಟು ಗೌರವಿಸೋಣ, ದಿನವೂ ಜಗಿಯುವುದು ಬೇಡ.

ಪೋಷಕರಲ್ಲಿ ಇನ್ನೊಂದು ವಿನಂತಿ. ಮಕ್ಕಳ ಹಲ್ಲು ಓರೆಯಾಗಿದ್ದರೆ ನಾವು ಸಾವಿರಾರು ಡಾಲರ್ ಖರ್ಚು ಮಾಡಿ ಬ್ರೇಸಸ್ ಹಾಕಿಸುತ್ತೇವೆ. ಒಳ್ಳೆಯದೇ. ಆದರೆ ಆ ತಂತಿಗಳ ಸುತ್ತ ಪಾಚಿ ಬೇಗ ಕೂರುತ್ತದೆ, ಒಸಡು ಊದಿಕೊಳ್ಳುತ್ತದೆ. ಅದನ್ನು ಸ್ವಚ್ಛವಾಗಿಡಲು ಮಕ್ಕಳಿಗೆ ಕಲಿಸುವವರು ಯಾರು? ತಂದೆ ತಾಯಿ ತಾವೇ ವರ್ಷಗಟ್ಟಲೆ ದಂತವೈದ್ಯರ ಬಾಗಿಲು ನೋಡದೆ, “ನೀನು ಫ್ಲಾಸ್ ಮಾಡು” ಎಂದರೆ ಮಕ್ಕಳು ಕೇಳಿಯಾರೇ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಮರ ಹೇಗೆ ನಿಂತಿದೆ ಎಂಬುದನ್ನು ಗಿಡವೂ ನೋಡುತ್ತಿರುತ್ತದೆ.

ಅಜ್ಜಿ ತಾತಂದಿರ ವಿಷಯದಲ್ಲಿ ಮಾತ್ರ ನನ್ನ ಸಲಹೆ ತಿರುಗುಮುರುಗು. ಆರು ತಿಂಗಳಿಗೆಂದು ಬರುವ ಹಿರಿಯರ ಪ್ರಯಾಣ ವಿಮೆ ಸಾಮಾನ್ಯವಾಗಿ ದಿನನಿತ್ಯದ ದಂತಚಿಕಿತ್ಸೆಗೆ ಒದಗುವುದಿಲ್ಲ. ಆದ್ದರಿಂದ ಅವರು ಹೊರಡುವ ಕೆಲವು ತಿಂಗಳ ಮೊದಲೇ ಊರಿನಲ್ಲಿ ಒಸಡಿನ ಪರೀಕ್ಷೆ ಮಾಡಿಸಿ, ಎಕ್ಸ್‌ರೇ ಪ್ರತಿಯನ್ನು ಜೊತೆಗೆ ತರಲಿ. ಇಲ್ಲಿ ತೊಂದರೆಯಾದರೆ ವಿಮೆಯಿಲ್ಲದವರಿಗೂ ದಾರಿಗಳಿವೆ. ಡೌನರ್ಸ್ ಗ್ರೋವ್‌ನ ಮಿಡ್‌ವೆಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ದಂತವೈದ್ಯಕೀಯ ಕಾಲೇಜುಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ. ಗ್ಲೆನ್ ಎಲಿನ್‌ನ ಕಾಲೇಜ್ ಆಫ್ ಡುಪೇಜ್‌ನಲ್ಲಿ ದಂತ ಸ್ವಚ್ಛತೆ ಕಲಿಯುವವರ ಕ್ಲಿನಿಕ್ ಇದೆ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ.

ಇಲ್ಲಿಗೆ ನನ್ನ ಪಾಠದ ವಿಷಯವೂ ಬಂತು. ಅಜ್ಜಿ “ಒಸಡು ಜುಮ್ಮೆನ್ನುತ್ತೆ ಪುಟ್ಟಾ” ಎಂದರೆ ಇಲ್ಲಿ ಬೆಳೆದ ಎಷ್ಟು ಮಕ್ಕಳಿಗೆ ಅರ್ಥವಾಗುತ್ತದೆ? ಹಣ್ಣು, ಬಣ್ಣ, ಪ್ರಾಣಿಗಳ ಹೆಸರನ್ನು ನಾವು ತಪ್ಪದೆ ಕಲಿಸುತ್ತೇವೆ. ಒಸಡು, ದವಡೆ, ಕೋರೆಹಲ್ಲು, ಕೀವು, ಊತ, ಅಲುಗಾಡುವುದು, ಜುಮ್ಮೆನ್ನುವುದು ಎಂಬ ಪದಗಳನ್ನು ಕಲಿಸುವುದು ಕಡಿಮೆ. ಹಗಲೆಲ್ಲ ತಂದೆ ತಾಯಿ ಕೆಲಸಕ್ಕೆ ಹೋದಾಗ ಅಜ್ಜಿಯ ದೂರನ್ನು ಮೊದಲು ಕೇಳುವವರು ಶಾಲೆಯಿಂದ ಬಂದ ಮೊಮ್ಮಕ್ಕಳೇ. ಡಾಕ್ಟರ ಮುಂದೆ ಅವರನ್ನೇ ದುಭಾಷಿ ಮಾಡಬೇಕು ಎಂದು ನಾನು ಹೇಳುತ್ತಿಲ್ಲ; ಆ ಜವಾಬ್ದಾರಿ ದೊಡ್ಡವರದು. ಆದರೆ ಆ ಮಾತು ಅರ್ಥವಾದ ಮಗು ಸಂಜೆ ಅಮ್ಮನಿಗೆ ಹೇಳುತ್ತದೆ, ಅರ್ಥವಾಗದ ಮಗು ಸುಮ್ಮನಾಗುತ್ತದೆ. ಮೈ ನೋವಿನ ಪದಗಳದ್ದೊಂದು ಪಾಠ ನಮ್ಮ ಭಾಷಾ ತರಗತಿಗಳಲ್ಲಿ ಪ್ರತಿ ವರ್ಷವೂ ಇರಬೇಕೆಂಬುದು ನನ್ನ ಆಸೆ.

ಪದಗಳ ವಿಷಯ ಬಂದದ್ದಕ್ಕೆ ಇನ್ನೊಂದು. ಕನ್ನಡದಲ್ಲಿ ಹಲ್ಲು ‘ಉಜ್ಜು’ತ್ತೇವೆ, ‘ತಿಕ್ಕು’ತ್ತೇವೆ. ಪಾತ್ರೆಗೂ ಅದೇ ಪದ, ಹಲ್ಲಿಗೂ ಅದೇ ಪದ! ಪಾತ್ರೆ ತಿಕ್ಕಿದಂತೆ ಹಲ್ಲು ತಿಕ್ಕಿದರೆ ಒಸಡು ಹಿಂದೆ ಸರಿಯುತ್ತದೆ. ಮೃದುವಾದ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಹಗುರವಾಗಿ ಆಡಿಸಬೇಕು. ದಿನಕ್ಕೆ ಎರಡು ಸಲ, ಪ್ರತಿ ಸಲ ಎರಡು ನಿಮಿಷ. ಎರಡು ಹಲ್ಲುಗಳ ಸಂದಿಗೆ ಬ್ರಷ್ ಹೋಗದ ಕಾರಣ ದಿನಕ್ಕೊಮ್ಮೆ ಫ್ಲಾಸ್. ರಕ್ತ ಬಂದಿತೆಂದು ಬ್ರಷ್ ಮಾಡುವುದನ್ನು ಬಿಡಬಾರದು. ಎರಡು ವಾರ ಹೀಗೆ ಮಾಡಿದ ಮೇಲೂ ರಕ್ತ ನಿಲ್ಲದಿದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು.

ನಾವಿರುವ ಈ ಪ್ರದೇಶಕ್ಕೂ ಒಸಡಿನ ವೈದ್ಯಕ್ಕೂ ಹಳೆಯ ನಂಟಿದೆ. ಒಸಡಿನ ಕಾಯಿಲೆ ಬಂದರೆ ಹಲ್ಲು ಕೀಳುವುದೇ ಮದ್ದು ಎಂದು ಅನೇಕರು ನಂಬಿದ್ದ ಕಾಲದಲ್ಲಿ, 1914ರಲ್ಲಿ, ಡೆಟ್ರಾಯಿಟಿನ ಗ್ರೇಸ್ ರೋಜರ್ಸ್ ಸ್ಪಾಲ್ಡಿಂಗ್ ಮತ್ತು ಒಹಾಯೋದ ಜಿಲೆಟ್ ಹೇಡನ್ ಎಂಬ ಇಬ್ಬರು ಮಹಿಳಾ ದಂತವೈದ್ಯರು ಸೇರಿ ಒಸಡಿನ ಚಿಕಿತ್ಸೆಗೆಂದೇ ಒಂದು ಸಂಘ ಕಟ್ಟಿದರು. ಅದೇ ಇಂದಿನ ಅಮೆರಿಕನ್ ಅಕಾಡೆಮಿ ಆಫ್ ಪೆರಿಯೊಡಾಂಟಾಲಜಿ. ಅಮೆರಿಕದ ಹೆಣ್ಣುಮಕ್ಕಳಿಗೆ ದೇಶದಾದ್ಯಂತ ಮತದಾನದ ಹಕ್ಕು ಸಿಕ್ಕಿದ್ದು 1920ರಲ್ಲಿ. ಅದಕ್ಕೂ ಮೊದಲೇ ಇವರು ಹಲ್ಲು ಕೀಳುವುದಕ್ಕಿಂತ ಉಳಿಸುವುದು ಮೇಲು ಎಂದು ಸಾರಿದ್ದರು. ನಮ್ಮ ಹೆಣ್ಣುಮಕ್ಕಳು ನೆನಪಿಟ್ಟುಕೊಳ್ಳಬೇಕಾದ ಹೆಸರುಗಳಿವು.

ಚಂದದ ನಗು ಎಂದರೆ ಬಿಳಿ ಹಲ್ಲು ಎಂದು ಜಾಹೀರಾತುಗಳು ಹೇಳುತ್ತವೆ. ಬಿಳುಪು ಗೋಡೆಗೆ ಹೊಡೆದ ಸುಣ್ಣವಿದ್ದಂತೆ. ಮನೆ ನಿಂತಿರುವುದು ಅಡಿಪಾಯದ ಮೇಲೆ. ಪೋಷಕರೇ, ಈ ವಾರ ಕ್ಯಾಲೆಂಡರ್ ತೆಗೆದು ಮಕ್ಕಳ ಹೆಸರಿನ ಜೊತೆಗೆ ನಿಮ್ಮ ಹೆಸರನ್ನೂ ದಂತವೈದ್ಯರ ಬಳಿ ಬರೆಸಿ. ಹೋದಾಗ “ನನ್ನ ಒಸಡಿನ ಅಳತೆ ಎಷ್ಟು ಬಂತು?” ಎಂದು ಕೇಳಿ, ಆ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿಗಳೇ, ಅಪ್ಪ ಅಮ್ಮ ಮರೆತರೆ ನೀವು ನೆನಪಿಸಿ. ಊರಿಗೆ ಹೋದಾಗ ಮಾಡಬೇಕಾದ ಕೆಲಸಗಳು ಬೇಕಾದಷ್ಟಿವೆ: ಅಜ್ಜಿಯ ಕೈತುತ್ತು, ಅತ್ತೆ ಮಾವಂದಿರ ಹರಟೆ, ಜಾತ್ರೆಯ ಕಡಲೆಪುರಿ. ಅವನ್ನೆಲ್ಲ ಬಾಯ್ತುಂಬ ಸವಿಯಲು ಗಟ್ಟಿ ಹಲ್ಲುಗಳನ್ನು ಇಲ್ಲಿಂದಲೇ ಜೊತೆಗೆ ಕೊಂಡೊಯ್ಯೋಣ.